ಹಳೆಯ ಮಸೂರವೂ ಹೊಸ ಕ್ಯಾಮರಾವೂ



ಮನೆಯ ಅಟ್ಟದಲ್ಲಿಯೋ ಹಿರಿಯರ ಟ್ರಂಕಿನಲ್ಲಿಯೋ ಹಳೆಯ ಕ್ಯಾಮರಾ ಒಂದು ಬಟ್ಟೆಯಲ್ಲಿ ಸುತ್ತಿಟ್ಟದ್ದು ಹಾಗೆಯೇ ಬಿದ್ದಿರುವುದು ನಮ್ಮಲ್ಲಿ ಅಪರೂಪವಲ್ಲ. ಅದಕ್ಕೆ ಹಾಕತಕ್ಕ ಫಿಲ್ಮು ಈಗ ಎಲ್ಲ ಊರುಗಳಲ್ಲಿಯೂ ಸಿಕ್ಕುವುದಿಲ್ಲ. ಸಿಕ್ಕಿದರೂ ಬೆಲೆ ಹೆಚ್ಚು. ತೊಳೆದು ಕೊಡುವವರೂ ಕಡಿಮೆ. ಹೀಗಿರಲಾಗಿ ಅಂಥ ಕ್ಯಾಮರಾಕ್ಕೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಗತಿ ಬರುವುದು. ಒಂದೋ ಅದು ಹಳೇ ಸಾಮಾನಿನವನ ತಕ್ಕಡಿಗೆ ಹೋಗುವುದು. ಇಲ್ಲವೇ ಉತ್ಸಾಹಿಗಳಾದ ಯಾರಾದರೂ ಅದನ್ನು ಬಿಚ್ಚಿ, ಅರೆದು, ಕೊರೆದು, ಪುನಃ ಸರಿಮಾಡಲಾಗದಂತೆ ಕೆಡಿಸಿಬಿಡುವರು. ಈ ಎರಡು ನಷ್ಟಗಳನ್ನೂ ತಪ್ಪಿಸಬಹುದು. ಯಾಕಂದರೆ ಕ್ಯಾಮರಾದ ಪೆಟ್ಟಿಗೆ ಮುದಿಯಾದರೂ ಅದರ ಮುಂದಿರುವ ಮಸೂರ, ಅಂದರೆ ಲೆನ್ಸು, ಅಷ್ಟು ಬೇಗ ಮುದಿಯಾಗುವುದಿಲ್ಲ. ಗಾಜು ಬೆಳಕನ್ನು ಬಗ್ಗಿಸುವ ನಿಯಮವು ನಮ್ಮ ಅಜ್ಜಂದಿರ ಕಾಲದಲ್ಲಿ ಹೇಗಿತ್ತೋ ಇಂದಿಗೂ ಹಾಗೆಯೇ ಉಂಟು.

ಜನರು ಈಗ ಮಿರರ್‌ಲೆಸ್ ಎಂದು ಕರೆಯುವ, ಒಳಗೆ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮರಾಗಳ ಮೇಲೆ ಹಳೆಯ ಮಸೂರಗಳನ್ನು ಹೇಗೆ ಕೂರಿಸಬಹುದು, ಅದು ಯಾಕೆ ಸಾಧ್ಯವಾಯಿತು, ಯಾವ ಮಾರ್ಪಾಡನ್ನು ಮಾಡಬಹುದು, ಯಾವುದನ್ನು ಮಾಡಕೂಡದು ಎಂಬುದನ್ನು ಈ ಲೇಖನದಲ್ಲಿ ಪಾಠದ ಕ್ರಮದಿಂದ ವಿವರಿಸಲಾಗುವುದು. ಶಾಲೆಯಲ್ಲಿ ಕಲಿತ ದಶಮಾಂಶದ ಲೆಕ್ಕವೂ ಬೆಳಕಿನ ಪಾಠವೂ ನೆನಪಿದ್ದರೆ ಸಾಕು. ಬೇರೆ ಪಾಂಡಿತ್ಯ ಬೇಕಾಗಿಲ್ಲ.

೧. ಮಸೂರವು ಮಾಡುವ ಕೆಲಸ

ಮೊದಲು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಿರಿ. ಹಗಲು ಹೊತ್ತಿನಲ್ಲಿ ಕೋಣೆಯ ಒಂದೇ ಒಂದು ಕಿಟಕಿಯನ್ನು ತೆರೆದಿಟ್ಟು, ಅದರ ಎದುರುಗೋಡೆಯ ಬಳಿಯಲ್ಲಿ ಬಿಳಿಯ ಕಾಗದವೊಂದನ್ನು ಹಿಡಿಯಿರಿ. ಕಾಗದದ ಮುಂದೆ ಒಂದು ಭೂತಗಾಜನ್ನು ಹಿಡಿದು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಸರಿಸಿದರೆ, ಒಂದು ನಿಯತವಾದ ದೂರದಲ್ಲಿ ಕಿಟಕಿಯಾಚೆಯ ಮರ, ಮಾಡು, ಆಕಾಶ ಇವೆಲ್ಲವೂ ತಲೆಕೆಳಗಾಗಿ ಕಾಗದದ ಮೇಲೆ ಸ್ಪಷ್ಟವಾಗಿ ಮೂಡುವುವು. ಬಹುದೂರದ ವಸ್ತುವಿನ ಬಿಂಬವು ಹೀಗೆ ಸ್ಪಷ್ಟವಾಗಿ ಬೀಳುವಾಗ ಗಾಜಿಗೂ ಕಾಗದಕ್ಕೂ ಇರುವ ಅಂತರಕ್ಕೆ ಸಂಗಮದೂರವೆಂದು ಹೆಸರು. ಹಳೆಯ ಮಸೂರಗಳ ಮುಂಭಾಗದಲ್ಲಿ ೫೦ ಅಥವಾ ೫೮ ಎಂದು ಕೆತ್ತಿರುವುದು ಇದೇ ದೂರವನ್ನು. ಅದು ಮಿಲಿಮೀಟರುಗಳ ಲೆಕ್ಕ.

ತರುವಾಯ ಕೋಣೆಯಲ್ಲಿ ಒಂದು ಮೇಣದ ಬತ್ತಿಯನ್ನು ಹಚ್ಚಿ, ಭೂತಗಾಜಿನ ಸಮೀಪಕ್ಕೆ ತನ್ನಿರಿ. ಅದರ ಜ್ವಾಲೆಯ ಬಿಂಬವನ್ನು ಸ್ಪಷ್ಟಮಾಡಬೇಕಾದರೆ ಗಾಜನ್ನು ಕಾಗದದಿಂದ ಇನ್ನೂ ದೂರಕ್ಕೆ ಸರಿಸಬೇಕಾಗುವುದು. ದೂರದ ವಸ್ತುವಿಗೆ ಗಾಜು ಹತ್ತಿರ, ಹತ್ತಿರದ ವಸ್ತುವಿಗೆ ಗಾಜು ದೂರ, ಇಷ್ಟೇ ನಿಯಮ. ಮಸೂರದ ಬಳೆಯನ್ನು ತಿರುಗಿಸಿ ಫೋಕಸು ಮಾಡುವಾಗ ಒಳಗೆ ನಡೆಯುವುದು ಇದೇ ಹೊರತು ಬೇರೇನೂ ಅಲ್ಲ.

ಎಷ್ಟು ಸರಿಸಬೇಕೆಂಬುದನ್ನು ಲೆಕ್ಕದಿಂದಲೂ ತಿಳಿಯಬಹುದು. ಸಂಗಮದೂರವನ್ನು ಅದರಿಂದಲೇ ಗುಣಿಸಿರಿ. ವಸ್ತುವಿನ ದೂರದಲ್ಲಿ ಸಂಗಮದೂರವನ್ನು ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉತ್ತರ ದೊರೆಯುವುದು. ೫೦ ಮಿಲಿಮೀಟರಿನ ಮಸೂರವು ಒಂದು ಮೀಟರು ದೂರದ ಮುಖವನ್ನು ಸ್ಪಷ್ಟವಾಗಿ ತೋರಿಸಬೇಕಾದರೆ, ೨೫೦೦ನ್ನು ೯೫೦ರಿಂದ ಭಾಗಿಸಲಾಗಿ ಸುಮಾರು ೨.೬೩ ಮಿಲಿಮೀಟರು ಮುಂದಕ್ಕೆ ಸರಿಯಬೇಕು. ದಿಗಂತದಿಂದ ಹಿಡಿದು ಎದುರಿಗೆ ಕೂತ ಮಗುವಿನ ತನಕ ಇರುವ ಇಡೀ ಜಗತ್ತು ಈ ಎರಡೂವರೆ ಮಿಲಿಮೀಟರುಗಳ ಚಲನೆಯಲ್ಲಿ ಅಡಗಿದೆ. ಆದಕಾರಣ ಮುಂದೆ ಹೇಳಲಿರುವ ಅಳತೆಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಲಕ್ಷ್ಯಕ್ಕೆ ಬರತಕ್ಕದ್ದಾಗಿದೆ.

೨. ಕನ್ನಡಿ ಹೋದದ್ದರಿಂದ ದೊರೆತ ಸ್ಥಳ

ಪ್ರತಿಯೊಂದು ಕ್ಯಾಮರಾದಲ್ಲಿಯೂ ಮಸೂರವು ಬಂದು ಕೂರುವ ಲೋಹದ ಮುಖವೊಂದು ಉಂಟು. ಅದಕ್ಕೆ ಮೌಂಟು ಎನ್ನುವರು. ಈ ಮುಖದಿಂದ ಹಿಂದಿರುವ ಫಿಲ್ಮಿನ ತನಕ ಅಥವಾ ಸೆನ್ಸರಿನ ತನಕ ಇರುವ ಅಂತರವನ್ನು ನಾವು ಈ ಪಾಠದಲ್ಲಿ ಮೌಂಟುದೂರ ಎಂದು ಕರೆಯೋಣ. ಮಸೂರವನ್ನು ಕಟ್ಟುವವರು ಈ ಒಂದು ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿರುವರು. ಆ ದೂರ ಕೆಟ್ಟರೆ ಫೋಕಸೂ ಕೆಡುವುದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹಳ ಪ್ರಚಾರಕ್ಕೆ ಬಂದ ಎಸ್‌ಎಲ್‌ಆರ್ ಕ್ಯಾಮರಾಗಳಲ್ಲಿ, ಮಸೂರಕ್ಕೂ ಫಿಲ್ಮಿಗೂ ನಡುವೆ ಓರೆಯಾಗಿ ನಿಲ್ಲಿಸಿದ ಕನ್ನಡಿಯೊಂದು ಇರುತ್ತಿತ್ತು. ಮಸೂರದಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ, ನೋಡುವವರ ಕಣ್ಣಿಗೆ ತಲಪಿಸುವುದು. ಗುಂಡಿಯನ್ನು ಒತ್ತಿದ ಕೂಡಲೇ ತಾನು ಮೇಲಕ್ಕೆ ಎದ್ದು ಫಿಲ್ಮಿಗೆ ದಾರಿಕೊಡುವುದು. ಆ ಕನ್ನಡಿ ಏಳುವುದಕ್ಕೂ ಬೀಳುವುದಕ್ಕೂ ಸ್ಥಳ ಬೇಕಾದ್ದರಿಂದ ಅಂಥ ಕ್ಯಾಮರಾಗಳ ಮೌಂಟುದೂರವು ಸಾಮಾನ್ಯವಾಗಿ ೪೦ರಿಂದ ೪೭ ಮಿಲಿಮೀಟರುಗಳಷ್ಟು ಇರಬೇಕಾಯಿತು.

೨೦೦೮ರಲ್ಲಿ ಪ್ಯಾನಸೋನಿಕ್ ಕಂಪೆನಿಯವರು ಲ್ಯುಮಿಕ್ಸ್ ಜಿ ೧ ಎಂಬ ಕ್ಯಾಮರಾವನ್ನು ಹೊರತಂದರು. ಅದರಲ್ಲಿ ಕನ್ನಡಿಯೇ ಇರಲಿಲ್ಲ. ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುವುದು. ಸೆನ್ಸರು ಕಂಡದ್ದನ್ನು ಸಣ್ಣ ಪರದೆಯೊಂದು ನಮಗೆ ತೋರಿಸುವುದು. ೨೦೧೦ರಲ್ಲಿ ಸೋನಿಯವರ ನೆಕ್ಸ್ ಕ್ಯಾಮರಾಗಳೂ, ೨೦೧೩ರಲ್ಲಿ ಫಿಲ್ಮಿನ ಚೌಕಟ್ಟಿನಷ್ಟೇ, ಅಂದರೆ ೩೬ ಮಿಲಿಮೀಟರಿಗೆ ೨೪ ಮಿಲಿಮೀಟರಿನಷ್ಟೇ ದೊಡ್ಡ ಸೆನ್ಸರುಳ್ಳ ಅವರ ಎ ೭ ಕ್ಯಾಮರಾವೂ ಬಂದವು. ೨೦೧೮ರಲ್ಲಿ ನಿಕಾನ್ ಮತ್ತು ಕ್ಯಾನನ್ ಕಂಪೆನಿಗಳೂ ತಮ್ಮ ಫುಲ್‌ಫ್ರೇಮ್ ಕನ್ನಡಿಯಿಲ್ಲದ ಕ್ಯಾಮರಾಗಳನ್ನು ಹೊರತಂದುವು. ಕನ್ನಡಿಯು ತೊಲಗಿದ್ದರಿಂದ ಮೌಂಟುದೂರವು ಅರ್ಧಕ್ಕಿಂತಲೂ ಕಡಿಮೆಯಾಯಿತು. ಮಿಕ್ಕ ಸ್ಥಳವೇ ನಮ್ಮ ಹಳೆಯ ಮಸೂರಗಳ ಪಾಲಿಗೆ ಒದಗಿದ ಭಾಗ್ಯ.

೩. ಒಂದು ಕಳೆಯುವ ಲೆಕ್ಕ

ಹಳೆಯ ಮೌಂಟುಗಳ ದೂರಗಳು ಮಿಲಿಮೀಟರುಗಳಲ್ಲಿ ಹೀಗಿವೆ:

ನಿಕಾನ್ ಎಫ್ — ೪೬.೫
ಒಲಿಂಪಸ್ ಓಎಂ — ೪೬.೦
ಎಂ ೪೨ ತಿರುಪಿನ ಮೌಂಟು — ೪೫.೪೬
ಪೆಂಟಾಕ್ಸ್ ಕೆ — ೪೫.೪೬
ಮಿನೋಲ್ಟಾ ಎಸ್‌ಆರ್ — ೪೩.೫
ಕ್ಯಾನನ್ ಎಫ್‌ಡಿ — ೪೨.೦

ಕನ್ನಡಿಯಿಲ್ಲದ ಕ್ಯಾಮರಾಗಳ ದೂರಗಳು ಹೀಗಿವೆ:

ಕ್ಯಾನನ್ ಆರ್‌ಎಫ್ — ೨೦.೦
ಮೈಕ್ರೋ ಫೋರ್ ಥರ್ಡ್ಸ್ — ೧೯.೨೫
ಸೋನಿ ಇ — ೧೮.೦
ಫ್ಯೂಜಿ ಎಕ್ಸ್ — ೧೭.೭
ನಿಕಾನ್ ಜೆಡ್ — ೧೬.೦

ಮೊದಲನೆಯ ಪಟ್ಟಿಯ ಒಂದು ಸಂಖ್ಯೆಯಿಂದ ಎರಡನೆಯ ಪಟ್ಟಿಯ ಒಂದು ಸಂಖ್ಯೆಯನ್ನು ಕಳೆದರೆ ಉಳಿಯುವುದೇ ಅಡಾಪ್ಟರಿನ ದಪ್ಪ. ಅಡಾಪ್ಟರು ಎಂದರೆ ಒಂದು ಪಕ್ಕದಲ್ಲಿ ಹಳೆಯ ಮಸೂರವನ್ನೂ ಇನ್ನೊಂದು ಪಕ್ಕದಲ್ಲಿ ಹೊಸ ಕ್ಯಾಮರಾವನ್ನೂ ಹಿಡಿದುಕೊಳ್ಳುವ ಲೋಹದ ಬಳೆ. ಅದರೊಳಗೆ ಗಾಜು ಇಲ್ಲ, ತಂತಿ ಇಲ್ಲ, ಯಂತ್ರವಿಲ್ಲ. ಎಂ ೪೨ ಮಸೂರವನ್ನು ಸೋನಿ ಕ್ಯಾಮರಾದ ಮೇಲೆ ಕೂರಿಸುವ ಬಳೆಯು ೪೫.೪೬ರಲ್ಲಿ ೧೮ ಕಳೆದು ೨೭.೪೬ ಮಿಲಿಮೀಟರು ಇರಬೇಕು. ನಿಕಾನ್ ಎಫ್ ಮಸೂರಕ್ಕೂ ನಿಕಾನ್ ಜೆಡ್ ಕ್ಯಾಮರಾಕ್ಕೂ ನಡುವಣ ಬಳೆಯು ೩೦.೫ ಮಿಲಿಮೀಟರು ಇರಬೇಕು.

ಈ ಲೆಕ್ಕದಲ್ಲಿ ಉತ್ತರವು ಸೊನ್ನೆಗಿಂತ ಕಡಿಮೆ ಬಂದರೆ ಏನಾಗುವುದೆಂದು ಕೇಳಬಹುದು. ಕನ್ನಡಿಯುಳ್ಳ ನಿಕಾನ್ ಕ್ಯಾಮರಾದ ಮೇಲೆ ಎಂ ೪೨ ಮಸೂರವನ್ನು ಕೂರಿಸಲು ಹೊರಟವರಿಗೆ ಇದೇ ತೊಂದರೆ ಬರುತ್ತಿತ್ತು. ಮಸೂರವು ಇರಬೇಕಾದುದಕ್ಕಿಂತ ೧.೦೪ ಮಿಲಿಮೀಟರು ಮುಂದೆಯೇ ನಿಂತುಬಿಡುವುದು. ಬಳೆಯ ದಪ್ಪವು ಅದಕ್ಕೆ ಸೇರುವುದು. ಬಳೆಗೆ ದಪ್ಪವೇ ಇಲ್ಲವೆಂದು ಭಾವಿಸಿದರೂ, ಮೊದಲನೆಯ ಪಾಠದ ಲೆಕ್ಕವನ್ನು ಹಿಂದುಮುಂದು ಮಾಡಿ ನೋಡಿದರೆ, ೫೦ ಮಿಲಿಮೀಟರಿನ ಮಸೂರವು ಸುಮಾರು ಎರಡೂವರೆ ಮೀಟರಿಗಿಂತ ದೂರದ ಯಾವುದನ್ನೂ ಸ್ಪಷ್ಟವಾಗಿ ತೋರಿಸದು. ಬೆಟ್ಟವೂ ಇಲ್ಲ, ಬೀದಿಯೂ ಇಲ್ಲ, ಕೋಣೆಯೊಳಗಿನವರು ಮಾತ್ರ. ಈ ಕೊರತೆಯನ್ನು ಹೋಗಲಾಡಿಸಲು ಬಳೆಯೊಳಗೆ ಒಂದು ಸಣ್ಣ ಗಾಜನ್ನು ಇಟ್ಟು ಮಾರುತ್ತಿದ್ದರು. ಆದರೆ ಅಗ್ಗದ ಗಾಜು ಒಳ್ಳೆಯ ಮಸೂರದ ಬಿಂಬವನ್ನೂ ಮಸಕು ಮಾಡುವುದು.

ಬಳೆಯನ್ನು ಮಾಡುವವರ ಕೈತಪ್ಪಿನಿಂದ ಬರುವ ಫಲವನ್ನೂ ಇದೇ ಲೆಕ್ಕ ತಿಳಿಸುವುದು. ಬಳೆಯು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾದರೆ, ೫೦ ಮಿಲಿಮೀಟರಿನ ಮಸೂರವು ಸುಮಾರು ೨೫ ಮೀಟರಿನ ಆಚೆಗೆ ಫೋಕಸು ಆಗದು. ಆದುದರಿಂದ ಅನೇಕ ತಯಾರಕರು ಬಳೆಯನ್ನು ಬೇಕೆಂದೇ ಕೊಂಚ ತೆಳ್ಳಗೆ ಮಾಡುವರು. ಆಗ ದೂರದ ವಸ್ತುವು ಸ್ಪಷ್ಟವಾದ ಮೇಲೂ ಮಸೂರದ ಬಳೆಯು ಇನ್ನೂ ಸ್ವಲ್ಪ ತಿರುಗುವುದು. ಅದರಿಂದ ಕೇಡೇನೂ ಇಲ್ಲ. ಆದರೆ ಮಸೂರದ ಮೇಲೆ ಕೆತ್ತಿದ ದೂರದ ಅಂಕೆಗಳನ್ನು ನಂಬದೆ, ಪರದೆಯಲ್ಲಿ ಕಂಡದ್ದನ್ನೇ ನಂಬತಕ್ಕದ್ದು.

೪. ಮನೆಯಲ್ಲಿರುವುದನ್ನು ಗುರುತಿಸುವ ಕ್ರಮ

ಮೊಟ್ಟಮೊದಲು ಮಸೂರವು ಕ್ಯಾಮರಾದಿಂದ ಬೇರೆಯಾಗುವುದೋ ಎಂದು ನೋಡಬೇಕು. ನಮ್ಮ ದೇಶದ ಅನೇಕ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ ೩ ಮೊದಲಾದ ಪೆಟ್ಟಿಗೆ ಕ್ಯಾಮರಾಗಳಲ್ಲಿಯೂ, ಎರಡು ಕಣ್ಣುಗಳ ಯಾಶಿಕಾ ಕ್ಯಾಮರಾಗಳಲ್ಲಿಯೂ ಮಸೂರವು ಕ್ಯಾಮರಾಕ್ಕೇ ಅಂಟಿಕೊಂಡಿರುವುದು. ಇವುಗಳನ್ನು ಒಡೆದು ಮಸೂರ ತೆಗೆಯುವುದಕ್ಕಿಂತ, ಇದ್ದ ಹಾಗೆ ಕಾಪಾಡುವುದೇ ಮೇಲು. ಅವು ಫಿಲ್ಮು ಸಿಕ್ಕಿದಾಗ ಈಗಲೂ ಕೆಲಸ ಮಾಡಬಲ್ಲುವು.

ಮಸೂರವು ತಿರುಪಿನಂತೆ ಹಲವು ಸುತ್ತು ತಿರುಗಿ ಹೊರಬಂದರೆ, ಅದರ ಹಿಂಬದಿಯ ವ್ಯಾಸವನ್ನು ಅಳೆಯಿರಿ. ೪೨ ಮಿಲಿಮೀಟರು ಇದ್ದರೆ ಅದು ಬಹುಮಟ್ಟಿಗೆ ಎಂ ೪೨. ಈ ಮೌಂಟು ೧೯೪೯ರ ಸುಮಾರಿಗೆ ಜರ್ಮನಿಯಲ್ಲಿ ಪ್ರಚಾರಕ್ಕೆ ಬಂದು, ಆಮೇಲೆ ಜಪಾನಿನಲ್ಲಿಯೂ ರಷ್ಯದಲ್ಲಿಯೂ ಹರಡಿತು. ವ್ಯಾಸವು ೩೯ ಮಿಲಿಮೀಟರು ಇದ್ದರೆ ಅದು ಲೈಕಾ ಪದ್ಧತಿಯ ತಿರುಪು ಆಗಿರಬಹುದು, ಇಲ್ಲವೇ ಕತ್ತಲೆಕೋಣೆಯಲ್ಲಿ ಚಿತ್ರಗಳನ್ನು ಹಿಗ್ಗಿಸಲು ಉಪಯೋಗಿಸುತ್ತಿದ್ದ ಎನ್‌ಲಾರ್ಜರಿನ ಮಸೂರವಾಗಿರಬಹುದು. ತಿರುಪಿನ ಬದಲು ಕಾಲುಸುತ್ತಿನಲ್ಲಿಯೇ ಕಳಚಿಕೊಂಡರೆ ಅದು ಬಯೊನೆಟ್ ಮೌಂಟು. ಕ್ಯಾಮರಾದ ಹೆಸರನ್ನು ನೋಡಿ ಅದು ಯಾವುದೆಂದು ತೀರ್ಮಾನಿಸಬೇಕು.

ಎನ್‌ಲಾರ್ಜರಿನ ಮಸೂರಗಳ ವಿಷಯದಲ್ಲಿ ಒಂದು ಮಾತು. ಕತ್ತಲೆಕೋಣೆಗಳು ಮುಚ್ಚಿದ್ದರಿಂದ ಇವು ಅಗ್ಗವಾಗಿ ದೊರೆಯುವುವು. ಗುಣದಲ್ಲಿಯಾದರೋ ಬಹಳ ಚೊಕ್ಕವಾದವುಗಳು ಉಂಟು. ಆದರೆ ಇವುಗಳಿಗೆ ಸ್ವಂತವಾಗಿ ಫೋಕಸು ಮಾಡುವ ಬಳೆ ಇಲ್ಲ. ಆದ್ದರಿಂದ ತಿರುಗಿಸಿದಂತೆ ಉದ್ದವಾಗುವ ಹೆಲಿಕಾಯ್ಡ್ ಎಂಬ ಕೊಳವೆಯನ್ನು ನಡುವೆ ಸೇರಿಸಬೇಕು. ಹೂವು, ನಾಣ್ಯ, ಹಳೆಯ ಪತ್ರ, ಕಸೂತಿ ಇವುಗಳ ಸಮೀಪಚಿತ್ರಗಳನ್ನು ತೆಗೆಯಲು ಇವು ಬಹು ಯೋಗ್ಯವಾದವು.

೫. ಕೂರಿಸಿದ ಮೇಲೆ

ಬಳೆಯೊಡನೆ ಮಸೂರವನ್ನು ಕೂರಿಸುವ ಮುಂಚೆ, ಅದರ ಹಿಂಭಾಗವು ಬಹಳ ಉದ್ದವಾಗಿ ಚಾಚಿಕೊಂಡಿಲ್ಲವೆಂದು ನೋಡಿಕೊಳ್ಳಿರಿ. ಕೆಲವು ಮಸೂರಗಳ ಹಿಂಬದಿಯು ಕ್ಯಾಮರಾದೊಳಕ್ಕೆ ಹೋಗಿ ಸೆನ್ಸರಿನ ಭಾಗವನ್ನು ತಾಗಬಹುದು. ಯಾವ ಹೊತ್ತಿಗೂ ಬಲವಂತವಾಗಿ ಒತ್ತಕೂಡದು.

ಹಳೆಯ ಮಸೂರವು ಹೊಸ ಕ್ಯಾಮರಾದೊಡನೆ ಮಾತಾಡಲಾರದು. ಆದಕಾರಣ ಮಸೂರವಿಲ್ಲದೆಯೂ ಚಿತ್ರ ತೆಗೆಯಲು ಅಪ್ಪಣೆ ಕೊಡುವ ಆಯ್ಕೆಯನ್ನು ಕ್ಯಾಮರಾದ ಪಟ್ಟಿಯಲ್ಲಿ ಹುಡುಕಿ ತೆರೆದಿಡಬೇಕು. ಕೈನಡುಕವನ್ನು ತಡೆಯುವ ವ್ಯವಸ್ಥೆಯು ಕ್ಯಾಮರಾದೊಳಗೆಯೇ ಇದ್ದರೆ, ಮಸೂರದ ಸಂಗಮದೂರವನ್ನು ನಾವೇ ಅದಕ್ಕೆ ತಿಳಿಸಬೇಕು. ಫೋಕಸನ್ನು ಕೈಯಿಂದ ಮಾಡಬೇಕು. ಪರದೆಯಲ್ಲಿ ಒಂದು ಭಾಗವನ್ನು ಹಿಗ್ಗಿಸಿ ನೋಡುವ ಸೌಕರ್ಯ ಈ ಕ್ಯಾಮರಾಗಳಲ್ಲಿ ಉಂಟಾದ್ದರಿಂದ, ಮುಖದ ಚಿತ್ರವಾದರೆ ಕಣ್ಣಿನ ರೆಪ್ಪೆಯನ್ನು ಹಿಗ್ಗಿಸಿ ನೋಡಿ ಬಳೆಯನ್ನು ತಿರುಗಿಸಿರಿ. ಇದು ನಿಧಾನದ ಕೆಲಸ. ಆದರೆ ಹೊಲಿಗೆಯನ್ನೂ ವೀಣೆಯನ್ನೂ ಕಲಿತ ಕೈಗಳಿಗೆ ಇದು ಒಂದು ವಾರದಲ್ಲಿ ಒಗ್ಗುವುದು.

ಕೆಲವು ಎಂ ೪೨ ಮಸೂರಗಳ ಹಿಂಬದಿಯಲ್ಲಿ ಒಂದು ಸಣ್ಣ ಮೊಳೆ ಉಂಟು. ಅದನ್ನು ಒಳಕ್ಕೆ ಒತ್ತಿದರೆ ಮಾತ್ರ ಅಪರ್ಚರಿನ ಎಸಳುಗಳು ಮುಚ್ಚುವುವು. ಬಳೆಯನ್ನು ಕೊಳ್ಳುವಾಗ ಈ ಮೊಳೆಯನ್ನು ಒತ್ತಿಹಿಡಿಯುವ ಅಂಚು ಇರುವಂಥದನ್ನು ಕೇಳಬೇಕು. ರಷ್ಯದ ಹೀಲಿಯೋಸ್ ೪೪-೨ ಮಸೂರದಲ್ಲಿ ಈ ಮೊಳೆಯ ತೊಂದರೆ ಇಲ್ಲ.

ಸೆನ್ಸರು ಚಿಕ್ಕದಾದರೆ ಮಸೂರವು ಬೀರಿದ ಬಿಂಬದ ನಡುಭಾಗ ಮಾತ್ರ ಚಿತ್ರಕ್ಕೆ ಬರುವುದು. ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮರಾದ ಮೇಲೆ ೫೦ ಮಿಲಿಮೀಟರಿನ ಮಸೂರವು, ಫಿಲ್ಮು ಕ್ಯಾಮರಾದ ಮೇಲೆ ೧೦೦ ಮಿಲಿಮೀಟರಿನ ಮಸೂರವು ತೋರಿಸಿದಷ್ಟೇ ನೋಟವನ್ನು ತೋರಿಸುವುದು. ಒಬ್ಬರ ಮುಖಕ್ಕೆ ಇದು ಒಳ್ಳೆಯದೇ. ಇಡೀ ಸಂಸಾರವು ಒಂದು ಜಗಲಿಯಲ್ಲಿ ಕೂತ ಚಿತ್ರಕ್ಕೆ ಒಳ್ಳೆಯದಲ್ಲ.

೬. ಗಾಜಿನ ಮೇಲಣ ಲೇಪನ

ಬರಿಯ ಗಾಜಿನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಒಳಗೆ ಹೋಗದೆ ಹಿಂದಿರುಗುವುದು. ಹೀಲಿಯೋಸ್ ೪೪-೨ರಲ್ಲಿ ಆರು ಗಾಜುಗಳು ನಾಲ್ಕು ಗುಂಪುಗಳಾಗಿ ಜೋಡಿಸಲ್ಪಟ್ಟಿವೆ; ಆದ್ದರಿಂದ ಗಾಳಿಯೂ ಗಾಜೂ ಕೂಡುವ ಮುಖಗಳು ಎಂಟು. ಲೇಪನವಿಲ್ಲದೆ ಇದ್ದಿದ್ದರೆ ಎಂಟು ಮುಖಗಳನ್ನು ದಾಟುವಷ್ಟರಲ್ಲಿ ನೂರರಲ್ಲಿ ಸುಮಾರು ೭೨ ಪಾಲು ಬೆಳಕು ಮಾತ್ರ ಉಳಿಯುತ್ತಿತ್ತು. ಕಳೆದುಹೋದದ್ದೂ ಸುಮ್ಮನಿರದು, ಗಾಜುಗಳ ನಡುವೆ ಪುಟಿದಾಡಿ, ಚಿತ್ರದ ಮೇಲೆ ತೆಳುವಾದ ಮಂಜಿನಂತೆ ಹರಡಿ, ಕಪ್ಪನ್ನು ಬೂದುಮಾಡುವುದು. ಪ್ರತಿ ಮುಖದಲ್ಲಿ ಒಂದೇ ಪಾಲು ನಷ್ಟವಾಗುವಂತೆ ಮಾಡಿದರೆ ನೂರರಲ್ಲಿ ಸುಮಾರು ೯೨ ಪಾಲು ದಾಟುವುದು.

ಇದಕ್ಕಾಗಿ ಗಾಜಿನ ಮೇಲೆ ಬೆಳಕಿನ ಅಲೆಯ ಕಾಲು ಪಾಲಿನಷ್ಟು ತೆಳ್ಳಗಿನ ಪೊರೆಯೊಂದನ್ನು ಹಚ್ಚುವರು. ಪೊರೆಯ ಮೇಲ್ಮುಖದಿಂದ ಹಿಂದಿರುಗಿದ ಅಲೆಯೂ ಕೆಳಮುಖದಿಂದ ಹಿಂದಿರುಗಿದ ಅಲೆಯೂ ಒಂದನ್ನೊಂದು ಅಳಿಸಿಹಾಕುವುವು. ೧೯೩೫ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ ಎಂಬವರು ಅಂಥ ಲೇಪನದ ಪೇಟೆಂಟಿಗೆ ಕಾರಣರಾದರು. ೧೯೩೮ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಶಾಲೆಯ ಕ್ಯಾಥರಿನ್ ಬ್ಲಾಜೆಟ್ ಎಂಬ ವಿದುಷಿಯು ಸಾಬೂನಿನ ಜಾತಿಯ ಒಂದು ವಸ್ತುವಿನ ೪೪ ಪದರಗಳನ್ನು, ಪ್ರತಿ ಪದರವೂ ಒಂದೇ ಅಣುವಿನಷ್ಟು ದಪ್ಪವಾಗಿರುವಂತೆ, ಗಾಜಿನ ಮೇಲೆ ಒಂದರ ಮೇಲೊಂದು ಹಚ್ಚಿ, ಬೆಳಕನ್ನು ಹಿಂದಿರುಗಿಸದ ಗಾಜನ್ನು ಸಾಧಿಸಿ ತೋರಿಸಿದರು. ಇವರು ೧೯೨೬ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದ ಮೊದಲನೆಯ ಮಹಿಳೆ. ಅವರ ಪೊರೆಯು ಮೆತ್ತಗಿದ್ದು ಒರಸಿದರೆ ಹೋಗುವಂಥದು. ಮಸೂರ ಮಾಡುವವರು ನಿರ್ವಾತದಲ್ಲಿ ಆವಿಯಾಗಿ ಕೂರಿಸುವ ಗಟ್ಟಿಯಾದ ಲೇಪನವನ್ನೇ ರೂಢಿಗೆ ತಂದರು. ಆದರೂ ಅಣುವಿನಷ್ಟು ತೆಳುವಾದ ಪದರಗಳನ್ನು ಎಣಿಸಿ ಎಣಿಸಿ ಜೋಡಿಸಿದ ಆ ತಾಳ್ಮೆ ನಮ್ಮ ಹೆಣ್ಣುಮಕ್ಕಳು ತಿಳಿದಿರತಕ್ಕ ಸಂಗತಿಯಾಗಿದೆ. ಹಳೆಯ ಮಸೂರವನ್ನು ಓರೆಯಾಗಿ ಹಿಡಿದಾಗ ಕಾಣುವ ನೀಲಿ ಅಥವಾ ಕಂದು ಬಣ್ಣವು ಇಂಥ ಲೇಪನದ ಗುರುತು.

ಹಳೆಯ ಲೇಪನವು ಈಗಿನ ಹಲವು ಪದರಗಳ ಲೇಪನದಷ್ಟು ಸಮರ್ಥವಲ್ಲ. ಆದ್ದರಿಂದ ಸೂರ್ಯನಿಗೆ ಎದುರಾಗಿ ಚಿತ್ರ ತೆಗೆಯುವಾಗ ಮಸೂರದ ಮುಂದೆ ಕಪ್ಪು ಕಾಗದದ ಮರೆಯನ್ನಾದರೂ ಹಿಡಿಯಬೇಕು. ಇದನ್ನು ದೋಷವೆನ್ನುವವರು ಉಂಟು. ಚಿತ್ರಕ್ಕೆ ಮೃದುತ್ವವನ್ನು ಕೊಡುವ ಗುಣವೆನ್ನುವವರೂ ಉಂಟು. ಹೀಲಿಯೋಸ್ ಮಸೂರದಲ್ಲಿ, ಎಲೆಗಳ ನಡುವಣ ಬೆಳಕಿನ ಚುಕ್ಕೆಗಳು ಚಿತ್ರದ ಅಂಚುಗಳಲ್ಲಿ ನಿಂಬೆಹಣ್ಣಿನ ಆಕಾರ ತಳೆದು, ನಡುವಿನ ವ್ಯಕ್ತಿಯ ಸುತ್ತಲೂ ಸುಳಿಯಂತೆ ತೋರುವುವು. ಅಂಚಿನಿಂದ ಬರುವ ಬೆಳಕಿನ ಒಂದು ಪಾಲನ್ನು ಮಸೂರದ ಕೊಳವೆಯೇ ತಡೆಯುವುದರಿಂದ ಆ ನಿಂಬೆಯ ಆಕಾರ ಬರುವುದು.

೭. ಮಾರ್ಪಾಡಿನ ಧರ್ಮ

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಮಾರ್ಪಾಡುಗಳಲ್ಲಿ ಎರಡು ಜಾತಿ: ಹಿಂದಕ್ಕೆ ತರಬಹುದಾದವು, ಹಿಂದಕ್ಕೆ ತರಲಾಗದವು.

ಬಳೆಯನ್ನು ಸೇರಿಸುವುದು, ಬಳೆಯ ಅಡಿಯಲ್ಲಿ ತೆಳುವಾದ ಲೋಹದ ತಗಡನ್ನಿಟ್ಟು ಅಳತೆಯನ್ನು ಸರಿಪಡಿಸುವುದು, ಹೀಲಿಯೋಸಿನ ಮುಂದಿನ ಗಾಜನ್ನು ತಿರುಗಿಸಿಟ್ಟು ಅಂಚುಗಳನ್ನು ಇನ್ನೂ ಮಸಕು ಮಾಡುವುದು, ಚಲನಚಿತ್ರಕ್ಕಾಗಿ ಅಪರ್ಚರು ಬಳೆಯ ಕಟಕಟ ಶಬ್ದವನ್ನು ನಿಲ್ಲಿಸಲು ಒಳಗಿನ ಸಣ್ಣ ಗುಂಡನ್ನು ತೆಗೆದು ಪೊಟ್ಟಣದಲ್ಲಿ ಜೋಪಾನವಾಗಿಡುವುದು, ಇವೆಲ್ಲ ಮೊದಲನೆಯ ಜಾತಿಯವು. ಮನಸ್ಸು ಬದಲಾದರೆ ಪೂರ್ವಸ್ಥಿತಿಗೆ ತರಬಹುದು.

ಮೌಂಟನ್ನು ಗರಗಸದಿಂದ ಕತ್ತರಿಸುವುದು, ಹಿಂಬದಿಯನ್ನು ಅರದಿಂದ ಉಜ್ಜುವುದು, ಹೊಸ ರಂಧ್ರಗಳನ್ನು ಕೊರೆಯುವುದು ಇವು ಎರಡನೆಯ ಜಾತಿಯವು. ಇದಕ್ಕೊಂದು ಕಣ್ಣೆದುರಿನ ದೃಷ್ಟಾಂತವಿದೆ. ೧೯೭೧ರಿಂದ ಬಂದ ಕ್ಯಾನನ್ ಎಫ್‌ಡಿ ಮಸೂರಗಳ ಮೌಂಟುದೂರ ೪೨. ೧೯೮೭ರಲ್ಲಿ ಅದೇ ಕಂಪೆನಿಯವರು ತಂದ ಇಎಫ್ ಮೌಂಟಿನ ದೂರ ೪೪. ಹಳೆಯದು ಹೊಸದರ ಮೇಲೆ ಕೂರಲಾರದೆ ಹೋಯಿತು. ಹಲವರು ಎಫ್‌ಡಿ ಮಸೂರಗಳ ಮೌಂಟನ್ನು ಕಿತ್ತು, ಅರೆದು, ಹೊಸ ಕ್ಯಾಮರಾಕ್ಕೆ ಹೊಂದಿಸಿದರು. ಕೆಲವರ ಕೆಲಸ ಅಚ್ಚುಕಟ್ಟಾಗಿಯೂ ಇತ್ತು. ಆದರೆ ಕನ್ನಡಿಯಿಲ್ಲದ ಕ್ಯಾಮರಾಗಳು ಬಂದ ಮೇಲೆ ಅದೇ ಮಸೂರಕ್ಕೆ ಬೇಕಾದದ್ದು ತಕ್ಕ ದಪ್ಪದ ಒಂದು ಬಳೆ ಮಾತ್ರ. ಮುಟ್ಟದೆ ಉಳಿಸಿದ ಮಸೂರಕ್ಕೆ ಆ ಬಳೆ ನೇರವಾಗಿ ಹೊಂದಿತು, ಕತ್ತರಿಸಿದ್ದಕ್ಕೆ ಹೊಂದಲಿಲ್ಲ. ಮುಂದೆ ಬರುವ ಕ್ಯಾಮರಾ ಯಾವ ಬಗೆಯದೆಂದು ನಾವು ಯಾರೂ ಬಲ್ಲವರಲ್ಲ. ಆದಕಾರಣ ಇಂದಿನ ಅನುಕೂಲಕ್ಕಾಗಿ ನಾಳೆಯ ದಾರಿಯನ್ನು ಮುಚ್ಚಬಾರದು.

ಶುಚಿಮಾಡುವುದರಲ್ಲಿಯೂ ಇದೇ ನಿಯಮ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದ ತೇವದಿಂದ ಮಸೂರದೊಳಗೆ ಬೂಷ್ಟು ಹತ್ತುವುದು. ಜೇಡರ ಬಲೆಯಂಥ ಬಿಳಿಯ ಎಳೆಗಳು ಗಾಜಿನ ಮೇಲೆ ಹರಡುವುವು. ನಾನು ಬಲ್ಲ ಒಂದು ಮನೆಯಲ್ಲಿ ತೀರಿಹೋದ ತಂದೆಯ ಮಸೂರಕ್ಕೆ ಹೀಗಾಗಿರಲು, ಮಗಳು ಅದನ್ನು ರಿಪೇರಿಗೆ ಕೊಟ್ಟಳು. ಅಲ್ಲಿ ಅದನ್ನು ಯಾವುದೋ ಒರಟು ಪುಡಿಯಿಂದ ತಿಕ್ಕಿ ಹೊಳೆಯುವಂತೆ ಮಾಡಿ ಕೊಟ್ಟರು. ಬೂಷ್ಟೇನೋ ಹೋಯಿತು, ಅದರೊಡನೆ ಲೇಪನವೂ ಹೋಯಿತು. ಕಿಟಕಿಗೆ ಬೆನ್ನುಕೊಟ್ಟು ಕೂತವರ ಚಿತ್ರವೆಲ್ಲ ಆಮೇಲೆ ಹಾಲು ಚೆಲ್ಲಿದಂತೆ ಬರತೊಡಗಿತು. ತಂದೆಯ ಕೈಯಲ್ಲಿ ಆ ಗಾಜು ಕೊಡುತ್ತಿದ್ದ ಬಿಂಬವನ್ನು ಇನ್ನು ಯಾವ ಹಣವೂ ಹಿಂದಕ್ಕೆ ತರಲಾರದು. ಆದ್ದರಿಂದ ರಿಪೇರಿಗೆ ಕೊಡುವ ಮುಂಚೆ, ಯಾವ ದ್ರವದಿಂದ, ಯಾವ ಬಟ್ಟೆಯಿಂದ ಒರಸುವಿರಿ ಎಂದು ಸಂಕೋಚವಿಲ್ಲದೆ ಕೇಳಿರಿ.

ಬೂಷ್ಟು ಬಾರದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ಮಸೂರವನ್ನು ಚರ್ಮದ ಚೀಲದಲ್ಲಿಡಬೇಡಿರಿ. ಚರ್ಮವು ತೇವವನ್ನು ಹಿಡಿದಿಡುವುದು. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಇಡಿರಿ. ಬಣ್ಣ ಬದಲಾಗುವ ಜಾತಿಯ ಹರಳುಗಳಾದರೆ, ಬಣ್ಣ ತಿರುಗಿದಾಗ ಅವನ್ನು ಬಿಸಿಮಾಡಿ ಒಣಗಿಸಿ ಮತ್ತೆ ಉಪಯೋಗಿಸಬಹುದು. ಆಗಾಗ್ಗೆ ಮಸೂರವನ್ನು ಹೊರತೆಗೆದು ಚಿತ್ರ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಆಸಾಹಿ ಕಂಪೆನಿಯ ಸೂಪರ್ ಟಕುಮಾರ್ ೫೦ ಮಿಲಿಮೀಟರ್ ಎಫ್ ೧.೪ ಮಸೂರದ ಏಳು ಗಾಜುಗಳ ಮಾದರಿಯಲ್ಲಿ ಥೋರಿಯಂ ಬೆರೆಸಿದ ಗಾಜನ್ನು ಉಪಯೋಗಿಸಿದ್ದಾರೆ. ಅದು ಕ್ರಮೇಣ ಚಹದ ಬಣ್ಣಕ್ಕೆ ತಿರುಗುವುದು. ನೇರಳಾತೀತ ಕಿರಣದ ದೀಪದ ಕೆಳಗೆ ಕೆಲವು ದಿನಗಳಿಟ್ಟರೆ ಹಳದಿಯು ಬಹುಮಟ್ಟಿಗೆ ತಿಳಿಯಾಗುವುದು. ಕ್ಯಾಮರಾದ ಮೇಲೆ ಸಾಮಾನ್ಯವಾಗಿ ಉಪಯೋಗಿಸುವುದರಿಂದ ಭಯವಿಲ್ಲ. ಆದರೆ ಆ ಗಾಜನ್ನು ಒಡೆಯುವುದು, ಉಜ್ಜುವುದು, ಭೂತಗಾಜಿನಂತೆ ಕಣ್ಣಿಗೆ ಹತ್ತಿರ ಹಿಡಿದು ನೋಡುವುದು ಕೂಡದು. ಯಾವ ಮಸೂರವನ್ನೇ ಆಗಲಿ ಬಿಸಿಲಿನಲ್ಲಿ ತೆರೆದು ಬಿಟ್ಟುಹೋದರೆ ಅದು ಬೆಂಕಿ ಹೊತ್ತಿಸುವ ಗಾಜಾಗುವುದೆಂಬುದನ್ನೂ ಮರೆಯಬಾರದು.

ಬಿಚ್ಚಲೇಬೇಕಾಗಿ ಬಂದಲ್ಲಿ ಸರಿಯಾದ ಉಪಕರಣವಿಲ್ಲದೆ ಕೈಹಾಕಬೇಡಿರಿ. ಜಪಾನಿನ ಮಸೂರಗಳ ತಿರುಪುಮೊಳೆಗಳು ಜೆಐಎಸ್ ಎಂಬ ಮಾದರಿಯವು. ಸಾಧಾರಣ ಸ್ಕ್ರೂಡ್ರೈವರಿನಿಂದ ಅವುಗಳ ತಲೆ ಸವೆದುಹೋಗುವುದು. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲಿಯೇ ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಹೆಜ್ಜೆಹೆಜ್ಜೆಗೂ ಮೊಬೈಲಿನಿಂದ ಚಿತ್ರ ತೆಗೆದಿಟ್ಟುಕೊಳ್ಳಿರಿ.

೮. ಮುಕ್ತಾಯ

ಈ ಪಾಠದಿಂದ ನೆನಪಿನಲ್ಲಿಡತಕ್ಕದ್ದು ಎರಡೇ ಮಾತು. ಮಸೂರವನ್ನು ಕೂರಿಸುವುದು ಒಂದು ಕಳೆಯುವ ಲೆಕ್ಕ. ಅದನ್ನು ಯಾವ ಹುಡುಗಿಯಾದರೂ ಮಾಡಬಲ್ಲಳು. ಮಸೂರವನ್ನು ಮಾರ್ಪಡಿಸುವುದು ಒಂದು ಹೊಣೆಗಾರಿಕೆ. ಹಿಂದಕ್ಕೆ ತರಬಹುದಾದುದನ್ನು ಮಾತ್ರ ಮಾಡುವವಳೇ ಅದಕ್ಕೆ ಅರ್ಹಳು. ಕ್ಯಾಮರಾ ಮುಟ್ಟಬೇಡ, ಕೆಡಿಸಿಬಿಡುವಿ ಎಂದು ಹೆಣ್ಣುಮಕ್ಕಳನ್ನು ದೂರವಿಡುವ ವಾಡಿಕೆ ಕೆಲವು ಮನೆಗಳಲ್ಲಿ ಉಂಟು. ತಾಯಿತಂದೆಗಳು ಅದನ್ನು ಬಿಟ್ಟು, ಅಳತೆಯನ್ನೂ ತಾಳ್ಮೆಯನ್ನೂ ಕಲಿಸಿ, ಆ ಹಳೆಯ ಗಾಜನ್ನು ಮಗಳ ಕೈಗೆ ಕೊಡುವರೆಂದು ನಂಬುವೆನು. ಅಜ್ಜಿಯ ಮದುವೆಯ ಚಿತ್ರವನ್ನು ತೆಗೆದ ಮಸೂರದಿಂದಲೇ ಮೊಮ್ಮಗಳ ಚಿತ್ರವನ್ನೂ ತೆಗೆಯುವುದು ಈಗ ಕನಸಿನ ಮಾತಲ್ಲ. ಒಂದು ಬಳೆಯ ಮಾತು.

ಅಭ್ಯಾಸ

(೧) ಮಿನೋಲ್ಟಾ ಎಸ್‌ಆರ್ ಮಸೂರವನ್ನು ನಿಕಾನ್ ಜೆಡ್ ಕ್ಯಾಮರಾದ ಮೇಲೆ ಕೂರಿಸುವ ಬಳೆಯ ದಪ್ಪವೆಷ್ಟು?
(೨) ಒಲಿಂಪಸ್ ಓಎಂ ಮಸೂರವನ್ನು ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮರಾದ ಮೇಲೆ ಕೂರಿಸುವ ಬಳೆಯ ದಪ್ಪವೆಷ್ಟು?
(೩) ೫೮ ಮಿಲಿಮೀಟರಿನ ಮಸೂರದ ಬಳೆಯು ೦.೨ ಮಿಲಿಮೀಟರು ಹೆಚ್ಚು ದಪ್ಪವಾಗಿದ್ದರೆ, ಆ ಮಸೂರವು ಎಷ್ಟು ದೂರದ ತನಕ ಸ್ಪಷ್ಟವಾಗಿ ತೋರಿಸುವುದು?
(೪) ನಿಮ್ಮ ಮನೆಯಲ್ಲಿರುವ ಹಳೆಯ ಮಸೂರದ ಮೌಂಟು ಯಾವುದು? ಅದರ ಗಾಜಿನ ಸ್ಥಿತಿ ಹೇಗಿದೆ? ಈ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಿ ಬರೆದಿಡಿರಿ.

ಉತ್ತರಗಳು: (೧) ೨೭.೫ ಮಿಲಿಮೀಟರು. (೨) ೨೬.೭೫ ಮಿಲಿಮೀಟರು. (೩) ಸುಮಾರು ೧೭ ಮೀಟರು.